ಕರೆಂಟ್ ಹೋದಾಗ ಮನೆಗೆ ಎಷ್ಟು ಬೇಕು? ಯುಪಿಎಸ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಏಪ್ರಿಲ್ ಕೊನೆಯ ಒಂದು ಸಂಜೆ ಗಾಳಿ ಎದ್ದು, ಮರದ ಕೊಂಬೆ ತಂತಿಯ ಮೇಲೆ ಬಿದ್ದು, ಇಡೀ ಬಡಾವಣೆ ನಾಲ್ಕು ಗಂಟೆ ಕತ್ತಲಲ್ಲಿ ಕೂತರೆ ಸಾಕು, ಮಾರನೆಯ ದಿನ ಯುಪಿಎಸ್ ಅಂಗಡಿಯ ಮುಂದೆ ಜನ ಸೇರುತ್ತಾರೆ. "ಒಳ್ಳೆ ಯುಪಿಎಸ್ ಒಂದು ಕೊಡಿ" ಎಂದರೆ ಅಂಗಡಿಯವರು ಕೇಳುವುದು ಒಂದೇ: "ಎಷ್ಟು ವಿಎ? ಎಷ್ಟು ಎಎಚ್?" ಅಲ್ಲಿಗೆ ಮಾತು ಕಟ್ಟಿಹೋಗುತ್ತದೆ. ಕೊನೆಗೆ ಪಕ್ಕದ ಮನೆಯವರು ತಂದದ್ದನ್ನೇ ತರುವುದಾಗುತ್ತದೆ. ಅವರ ಮನೆಯಲ್ಲಿ ಇಬ್ಬರು, ನಮ್ಮಲ್ಲಿ ಆರು ಜನ ಎಂಬುದು ನೆನಪಾಗುವುದು ಮುಂದಿನ ಸಲ ಕರೆಂಟ್ ಹೋದಾಗ.

ಈ ಎರಡು ಅಂಕಿಗಳನ್ನು ಬಿಡಿಸಿಕೊಂಡರೆ ಉಳಿದದ್ದೆಲ್ಲ ಕೂಡಿಸಿ ಗುಣಿಸುವ ಲೆಕ್ಕ. ಒಂದು ಕಾಗದ, ಒಂದು ಪೆನ್ನು ಸಾಕು.

ತೊಟ್ಟಿ ಬೇರೆ, ನಲ್ಲಿ ಬೇರೆ

ನಮ್ಮಲ್ಲಿ ಯುಪಿಎಸ್ ಎಂದು ಕರೆಯುವ ಸಾಮಾನಿನಲ್ಲಿ ಎರಡು ಭಾಗ. ಮೇಲಿರುವ ಪೆಟ್ಟಿಗೆ ಇನ್ವರ್ಟರ್, ಕೆಳಗಿರುವುದು ಬ್ಯಾಟರಿ. ಬ್ಯಾಟರಿಯಲ್ಲಿರುವುದು 12 ವೋಲ್ಟ್‌ನ ಡಿಸಿ ಕರೆಂಟ್. ಮನೆಯ ಫ್ಯಾನು, ಟಿವಿಗೆ ಬೇಕಾದದ್ದು 230 ವೋಲ್ಟ್‌ನ ಎಸಿ. ಒಂದನ್ನು ಇನ್ನೊಂದಾಗಿ ಮಾಡಿಕೊಡುವುದು, ಕರೆಂಟ್ ಬಂದ ಮೇಲೆ ಬ್ಯಾಟರಿಯನ್ನು ಮತ್ತೆ ತುಂಬಿಸುವುದು ಇನ್ವರ್ಟರ್‌ನ ಕೆಲಸ.

ಮಾಳಿಗೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್‌ನಲ್ಲಿ ಎಷ್ಟು ನೀರಿದೆ ಎಂಬುದು ಎಎಚ್, ಅಂದರೆ ಆಂಪಿಯರ್-ಅವರ್. ಅದು ಬ್ಯಾಟರಿಯ ಅಳತೆ. ಕೆಳಗಿನ ಪೈಪು ಒಂದೇ ಹೊತ್ತಿಗೆ ಎಷ್ಟು ನಲ್ಲಿಗಳಿಗೆ ನೀರು ಕೊಡಬಲ್ಲದು ಎಂಬುದು ವಿಎ, ಅಂದರೆ ವೋಲ್ಟ್-ಆಂಪಿಯರ್. ಅದು ಇನ್ವರ್ಟರ್‌ನ ಅಳತೆ. ಏನೇನು ಓಡುತ್ತದೆ ಎಂದು ತೀರ್ಮಾನಿಸುವುದು ಇನ್ವರ್ಟರ್. ಎಷ್ಟು ಹೊತ್ತು ಓಡುತ್ತದೆ ಎಂದು ತೀರ್ಮಾನಿಸುವುದು ಬ್ಯಾಟರಿ. "ಎರಡು ಗಂಟೆ ಸಾಲುತ್ತಿಲ್ಲ" ಎಂದು ದೊಡ್ಡ ಇನ್ವರ್ಟರ್ ತಂದರೆ ಒಂದು ನಿಮಿಷವೂ ಹೆಚ್ಚು ಸಿಗುವುದಿಲ್ಲ. ಟ್ಯಾಂಕ್ ಅಷ್ಟೇ ಇದೆ, ಪೈಪು ಮಾತ್ರ ದಪ್ಪವಾಯಿತು.

ವಿಎ ಮತ್ತು ವ್ಯಾಟ್ ಒಂದೇ ಅಲ್ಲ. ಲೋಟದ ತುಂಬ ಫಿಲ್ಟರ್ ಕಾಫಿ ಬಂದರೂ ಮೇಲಿನ ನೊರೆ ಬಿಟ್ಟು ಕುಡಿಯಲು ಸಿಗುವ ಕಾಫಿ ಕಡಿಮೆ. ವಿಎ ಎಂದರೆ ನೊರೆಯೂ ಸೇರಿದ ಇಡೀ ಲೋಟ, ವ್ಯಾಟ್ ಎಂದರೆ ಕಾಫಿ. 900 ವಿಎ ಎಂದು ಬರೆದ ಇನ್ವರ್ಟರ್ ಸಾಮಾನ್ಯವಾಗಿ ಕೊಡುವುದು 700 ವ್ಯಾಟ್ ಆಸುಪಾಸು. ಮುಂಭಾಗದಲ್ಲಿ ದೊಡ್ಡದಾಗಿ ಮುದ್ರಿಸಿದ ಸಂಖ್ಯೆಯನ್ನು ಬಿಟ್ಟು, ಹಿಂಭಾಗದ ಚೀಟಿಯಲ್ಲಿ ವ್ಯಾಟ್ ಎಷ್ಟೆಂದು ನೋಡಿ.

ಮೊದಲು ಮನೆಯ ಪಟ್ಟಿ

ಕರೆಂಟ್ ಇಲ್ಲದಾಗ ಏನು ಬೇಕೇ ಬೇಕು ಎಂದು ಬರೆಯಿರಿ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಎಲ್‌ಇಡಿ ಬಲ್ಬ್ 9, ಎಲ್‌ಇಡಿ ಟ್ಯೂಬ್ 20. ವೈಫೈ ರೂಟರ್ 10ರಿಂದ 12. 32 ಇಂಚಿನ ಟಿವಿ 50–60. ಲ್ಯಾಪ್‌ಟಾಪ್ ಚಾರ್ಜರ್ 65ರವರೆಗೆ. ಕುಡಿಯುವ ನೀರಿನ ಆರ್‌ಒ ಯಂತ್ರ 40–60.

ಗೀಸರ್ 2,000 ವ್ಯಾಟ್ ಅಥವಾ ಹೆಚ್ಚು, ಇಂಡಕ್ಷನ್ ಒಲೆ 2,000ದವರೆಗೆ, ಇಸ್ತ್ರಿಪೆಟ್ಟಿಗೆ 1,000, ಮಿಕ್ಸಿ 500ರಿಂದ 750. ಇವುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಚಟ್ನಿ ಒಂದು ಗಂಟೆ ಕಾಯಬಹುದು. ಅದಕ್ಕಾಗಿ ಇನ್ವರ್ಟರ್ ಗಾತ್ರ ಎರಡು ಪಟ್ಟು ಮಾಡುವುದರಲ್ಲಿ ಅರ್ಥವಿಲ್ಲ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಬೇಕು: ನಿಮ್ಮ ಊರಿನಲ್ಲಿ ಒಂದು ಸಲಕ್ಕೆ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ? ಬೆಂಗಳೂರಿನ ಬಡಾವಣೆಯೊಂದರ ಅರ್ಧ ಗಂಟೆಯ ಕಡಿತ, ಮಲೆನಾಡಿನ ಒಂಟಿಮನೆಯ ಎರಡು ದಿನದ ಕತ್ತಲೆ, ಬಯಲುಸೀಮೆಯ ಹಳ್ಳಿಯಲ್ಲಿ ದಿನಕ್ಕೆ ಹತ್ತು ಸಲ ಬಂದುಹೋಗುವ ಕರೆಂಟ್, ಈ ಮೂರಕ್ಕೂ ಮದ್ದು ಒಂದೇ ಅಲ್ಲ.

ಪಟ್ಟಿಯಲ್ಲಿ ಉಳಿದದ್ದು ವೈಫೈ ಮತ್ತು ಎರಡು ದೀಪ ಮಾತ್ರವಾದರೆ ದೊಡ್ಡ ಯುಪಿಎಸ್ಸೇ ಬೇಡ. ರೂಟರ್‌ಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ರೂಟರ್‌ನ ಅಡಾಪ್ಟರ್ ಮೇಲೆ 9 ವೋಲ್ಟೋ 12 ವೋಲ್ಟೋ ಎಂದು ಓದಿ, ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಕರೆಂಟ್ ಹೋದಾಗ ತಾನೇ ಉರಿಯುವ ಬ್ಯಾಟರಿ ಬಲ್ಬ್ ಎರಡು ಹಾಕಿದರೆ ಬಾಡಿಗೆ ಮನೆಯ ಒಂಟಿ ಜೀವಕ್ಕೆ ಅಷ್ಟು ಸಾಕು.

ಒಂದು ಮನೆಯ ಲೆಕ್ಕ

ಮೂರು ಫ್ಯಾನ್ (225), ಐದು ಬಲ್ಬ್ (45), ರೂಟರ್ (10), ಟಿವಿ (60). ಒಟ್ಟು 340 ವ್ಯಾಟ್. ಇನ್ವರ್ಟರ್ ಯಾವತ್ತೂ ತುದಿಯವರೆಗೆ ದುಡಿಯಬಾರದು; ಕಾಲುಭಾಗವಾದರೂ ಬಿಡುವು ಇರಬೇಕು. ಈ ಮನೆಗೆ 700ರಿಂದ 900 ವಿಎ ಧಾರಾಳ.

ಇನ್ನು ಬ್ಯಾಟರಿ. 12 ವೋಲ್ಟ್, 150 ಎಎಚ್ ಎಂದರೆ ಗುಣಿಸಿದಾಗ 1,800 ವ್ಯಾಟ್-ಅವರ್. 340ರಿಂದ ಭಾಗಿಸಿದರೆ ಐದು ಗಂಟೆ ದಾಟುತ್ತದೆ. ಮಾರುವವರು ಹೇಳುವುದೂ ಇದನ್ನೇ. ಮನೆಯಲ್ಲಿ ಸಿಗುವುದು ಮೂರು ಗಂಟೆ. ಉಳಿದದ್ದು ಎರಡು ಕಡೆ ಸೋರಿಹೋಗುತ್ತದೆ.

ಮೊದಲನೆಯದು ಇನ್ವರ್ಟರ್ ತಾನೇ ತಿನ್ನುವ ಪಾಲು. ಡಿಸಿಯನ್ನು ಎಸಿ ಮಾಡುವಾಗ ಶೇ 15–20ರಷ್ಟು ಶಾಖವಾಗಿ ಹೋಗುತ್ತದೆ. ಅದಕ್ಕೇ ಆ ಪೆಟ್ಟಿಗೆಯಲ್ಲಿ ಫ್ಯಾನ್ ಗುಯ್ಗುಡುವುದು. 340 ವ್ಯಾಟ್ ಕೊಡಲು ಅದು ಬ್ಯಾಟರಿಯಿಂದ ಎಳೆಯುವುದು ಸುಮಾರು 425. ಅದು 12 ವೋಲ್ಟ್‌ನಲ್ಲಿ 35 ಆಂಪಿಯರ್.

ಎರಡನೆಯದು ಬ್ಯಾಟರಿಯ ಸ್ವಭಾವ. ಬ್ಯಾಟರಿಯ ಚೀಟಿಯಲ್ಲಿ 150 ಎಎಚ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಅಥವಾ ಸಿ10 ಎಂದಿರುತ್ತದೆ. ಸಿ20 ಎಂದರೆ 20 ಗಂಟೆಗಳ ಕಾಲ ಮೆಲ್ಲಗೆ, 7.5 ಆಂಪಿಯರ್‌ನಂತೆ ತೆಗೆದರೆ ಮಾತ್ರ 150 ಪೂರ್ತಿ ಸಿಗುತ್ತದೆ. ಸಿ10 ಎಂದರೆ ಹತ್ತು ಗಂಟೆಯಲ್ಲಿ ತೆಗೆದರೂ ಪೂರ್ತಿ ಸಿಗುತ್ತದೆ ಎಂದು. ನಾವು ಎಳೆಯುತ್ತಿರುವುದು 35. ನಿಂಬೆಹಣ್ಣನ್ನು ಅವಸರದಲ್ಲಿ ಒಂದೇ ಸಲ ಹಿಂಡಿದರೆ ರಸ ಒಳಗೇ ಉಳಿಯುವ ಹಾಗೆ, ಲೆಡ್-ಆಸಿಡ್ ಬ್ಯಾಟರಿಯನ್ನು ಜೋರಾಗಿ ಹಿಂಡಿದರೆ ಸಿಗುವುದು ಸುಮಾರು ಶೇ 70 ಮಾತ್ರ. 150ರಲ್ಲಿ 105; 35ರಿಂದ ಭಾಗಿಸಿದರೆ ಮೂರು ಗಂಟೆ.

ಒಂದೇ ಸಂಖ್ಯೆಯ ಎರಡು ಬ್ಯಾಟರಿಗಳಲ್ಲಿ ಒಂದು ಸಿ10, ಇನ್ನೊಂದು ಸಿ20 ಎಂದಿದ್ದರೆ ಸಿ10ರದ್ದೇ ನಿಜಕ್ಕೂ ದೊಡ್ಡದು. ಬೆಲೆ ಹೋಲಿಸುವಾಗ ಇದನ್ನು ನೋಡದಿದ್ದರೆ ಕಡಿಮೆ ಬೆಲೆಯದು ಅಗ್ಗವೆಂದು ಅನಿಸಿಬಿಡುತ್ತದೆ.

ಈಗ ಅದೇ ಮನೆಯಲ್ಲಿ ಮೂರು ಫ್ಯಾನ್‌ಗಳನ್ನೂ ಬಿಎಲ್‌ಡಿಸಿ ಫ್ಯಾನ್‌ಗೆ, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಫ್ಯಾನ್‌ಗೆ ಬದಲಿಸಿ. ಒಂದಕ್ಕೆ 30 ವ್ಯಾಟ್ ಆಸುಪಾಸು. ಒಟ್ಟು ಲೋಡ್ 340ರಿಂದ 205ಕ್ಕೆ ಇಳಿಯಿತು. ಬ್ಯಾಟರಿಯಿಂದ ಎಳೆಯುವುದು 21 ಆಂಪಿಯರ್. ಮೆಲ್ಲಗೆ ಹಿಂಡುವುದರಿಂದ ರಸವೂ ಹೆಚ್ಚು: ಐದೂವರೆ ಗಂಟೆಯ ಹತ್ತಿರ. ಇನ್ನೊಂದು ಬ್ಯಾಟರಿ ಕೊಳ್ಳಬೇಕೆಂದಿರುವವರು ಮೊದಲು ಫ್ಯಾನ್ ನೋಡಬೇಕು. ಫ್ಯಾನ್ ದಿನವಿಡೀ ಕರೆಂಟ್ ಉಳಿಸುತ್ತದೆ. ಎರಡನೇ ಬ್ಯಾಟರಿಗೆ ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ದುಡ್ಡು ಸುರಿಯಬೇಕು.

ಮೋಟಾರ್ ಇದ್ದರೆ ಲೆಕ್ಕ ಬೇರೆ

ತುಂಬಿದ ತಳ್ಳುಗಾಡಿ ಹೊರಡುವಾಗ ಬೇಕಾದ ಬಲ ಉರುಳತೊಡಗಿದ ಮೇಲೆ ಬೇಡ. ಮೋಟಾರ್ ಕೂಡ ಹಾಗೆಯೇ, ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸಂಪಿನಿಂದ ಮೇಲಕ್ಕೆ ನೀರೆತ್ತುವ ಒಂದು ಎಚ್‌ಪಿ ಮೋಟಾರ್ ಓಡುವಾಗ ಸಾವಿರ ವ್ಯಾಟ್. ಹೊರಡುವಾಗ 900 ವಿಎ ಇನ್ವರ್ಟರ್ ಅದನ್ನು ತಡೆದುಕೊಳ್ಳಲಾರದೆ ಓವರ್‌ಲೋಡ್ ಎಂದು ಕೂಗಿ ನಿಂತುಬಿಡುತ್ತದೆ. ಮೋಟಾರನ್ನು ಯುಪಿಎಸ್‌ಗೆ ಹಾಕುವ ಬದಲು ಟ್ಯಾಂಕ್ ದೊಡ್ಡದು ಇಡುವುದು ಸುಲಭ. ಕರೆಂಟ್ ಇದ್ದಾಗ ತುಂಬಿಸಿಟ್ಟ ನೀರೂ ಒಂದು ಬ್ಯಾಟರಿಯೇ.

ಫ್ರಿಜ್ ಓಡುವಾಗ ನೂರು–ನೂರೈವತ್ತು ವ್ಯಾಟ್ ಇರಬಹುದು, ಆದರೆ ಅದರ ಕಂಪ್ರೆಸರ್‌ಗೂ ಇದೇ ಮೊದಲ ಎಳೆತವಿದೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ಎರಡು ಮೂರು ಗಂಟೆಯ ಕಡಿತಕ್ಕಾಗಿ ಅದನ್ನು ಯುಪಿಎಸ್‌ಗೆ ಹಾಕಬೇಕಿಲ್ಲ. ಮನೆಯಲ್ಲಿ ಇನ್ಸುಲಿನ್ ಇದ್ದು, ಕಡಿತವೂ ದೀರ್ಘವಾಗಿದ್ದರೆ ಆಗ 1,500 ವಿಎ ಮೇಲಿನದನ್ನು ಯೋಚಿಸಿ. ಉಸಿರಾಟಕ್ಕೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವವರಿದ್ದರೆ ಆ ಯಂತ್ರ ಒಂದೇ 300–400 ವ್ಯಾಟ್ ಎಳೆಯುತ್ತದೆ. ಅಂಥ ಮನೆಯಲ್ಲಿ ಬ್ಯಾಟರಿಯನ್ನೇ ನಂಬಿ ಕೂರಬೇಡಿ. ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿರಲೇಬೇಕು.

ಮೋಟಾರ್ ಇರುವ ಸಾಮಾನುಗಳ ಕಾರಣದಿಂದಲೇ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಕೊಳ್ಳಿ ಎನ್ನುವುದು. ಕಂಬದಿಂದ ಬರುವ ಕರೆಂಟ್ ಅಲೆಯಂತೆ ಏರಿಳಿಯುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೆಟ್ಟಿಲಿನಂತೆ ಜಿಗಿಯುತ್ತದೆ. ಅದರಲ್ಲಿ ಫ್ಯಾನ್ ಗೊಯ್ ಎನ್ನುತ್ತದೆ, ಮೋಟಾರ್ ಬಿಸಿಯಾಗುತ್ತದೆ.

ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರು ಇನ್ವರ್ಟರ್‌ನಲ್ಲಿರುವ ಮೋಡ್ ಸ್ವಿಚ್ಚನ್ನೂ ನೋಡಿ. ಯುಪಿಎಸ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಕಂಪ್ಯೂಟರ್ ಆರುವುದಿಲ್ಲ. ಇನ್ನೊಂದು ಮೋಡ್‌ನಲ್ಲಿ ಸ್ವಲ್ಪ ತಡ, ಆದರೆ ಊರಿನಲ್ಲಿ ವೋಲ್ಟೇಜ್ ಕಡಿಮೆ ಇದ್ದರೂ ಬ್ಯಾಟರಿಗೆ ಕೈಹಾಕದೆ ನಡೆಸುತ್ತದೆ. ಲೋ ವೋಲ್ಟೇಜ್ ಇರುವ ಹಳ್ಳಿಯಲ್ಲಿ ಯುಪಿಎಸ್ ಮೋಡ್‌ನಲ್ಲಿಟ್ಟರೆ ಕರೆಂಟ್ ಇದ್ದಾಗಲೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. "ಹೊಸ ಬ್ಯಾಟರಿ ನಿಲ್ಲುತ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಒಂದು ಸ್ವಿಚ್.

ಯಾವ ಬ್ಯಾಟರಿ?

ಫ್ಲ್ಯಾಟ್ ಪ್ಲೇಟ್, ಟ್ಯೂಬ್ಯುಲರ್, ಲಿಥಿಯಂ. ಫ್ಲ್ಯಾಟ್ ಪ್ಲೇಟ್ ಅಗ್ಗ, ಅಪರೂಪಕ್ಕೆ ಕರೆಂಟ್ ಹೋಗುವ ಕಡೆ ನಡೆಯುತ್ತದೆ. ದಿನಾ ಹೋಗುವ ಕಡೆ ಎರಡು ಮೂರು ವರ್ಷಕ್ಕೇ ಸೋಲುತ್ತದೆ. ಟ್ಯೂಬ್ಯುಲರ್‌ನಲ್ಲಿ ಸೀಸದ ಪುಡಿಯನ್ನು ಕೊಳವೆಯಂಥ ಚೀಲದೊಳಗೆ ಹಿಡಿದಿಟ್ಟಿರುವುದರಿಂದ ಅದು ಬೇಗ ಉದುರುವುದಿಲ್ಲ. ಸರಿಯಾಗಿ ನೋಡಿಕೊಂಡರೆ ನಾಲ್ಕರಿಂದ ಆರು ವರ್ಷ. ಕಾರಿನ ಬ್ಯಾಟರಿ ಮಾತ್ರ ತರಲೇಬೇಡಿ. ಅದನ್ನು ಮಾಡಿರುವುದು ಎಂಜಿನ್ ತಿರುಗಿಸಲು ಒಂದು ಕ್ಷಣ ಭಾರೀ ಕರೆಂಟ್ ಕೊಡಲಿ ಎಂದು, ಗಂಟೆಗಟ್ಟಲೆ ಖಾಲಿಯಾಗಲಿ ಎಂದಲ್ಲ.

ಲಿಥಿಯಂನಲ್ಲಿ ಮನೆಗೆ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್. 12.8 ವೋಲ್ಟ್, 100 ಎಎಚ್‌ನದು 1,280 ವ್ಯಾಟ್-ಅವರ್. ಜೋರಾಗಿ ಎಳೆದರೂ ಶೇ 80–90 ಸಿಗುವುದರಿಂದ, 150 ಎಎಚ್ ಟ್ಯೂಬ್ಯುಲರ್ ಮಾಡುವ ಕೆಲಸದ ಹತ್ತಿರ ಹತ್ತಿರ ಇದು ಮಾಡುತ್ತದೆ. ಅದು ಐವತ್ತು ಕಿಲೋ ದಾಟಿದರೆ ಇದು ಹದಿನೈದು ಕಿಲೋ ಒಳಗೆ. ನೀರು ಹಾಕುವ ಕೆಲಸವಿಲ್ಲ, ಬೇಗ ತುಂಬುತ್ತದೆ. ಮೊದಲ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಹಳೆಯ ಇನ್ವರ್ಟರ್‌ಗೆ ಲಿಥಿಯಂ ಬ್ಯಾಟರಿ ಸುಮ್ಮನೆ ಜೋಡಿಸುವಂತಿಲ್ಲ. ತುಂಬಿಸುವ ವೋಲ್ಟೇಜ್ ಬೇರೆ. ಇನ್ವರ್ಟರ್‌ನಲ್ಲಿ ಲಿಥಿಯಂ ಆಯ್ಕೆ ಇರಬೇಕು.

ಎರಡು ಬ್ಯಾಟರಿಯ 24 ವೋಲ್ಟ್ ವ್ಯವಸ್ಥೆಯಲ್ಲಿ ಎರಡೂ ಒಂದೇ ಕಂಪನಿ, ಒಂದೇ ಗಾತ್ರ, ಒಂದೇ ವಯಸ್ಸಿನವು ಇರಲಿ. ಹಳೆಯದೊಂದು ಹೊಸದೊಂದು ಕಟ್ಟಿದರೆ ಹಳೆಯ ಎತ್ತಿನ ನಡಿಗೆಯೇ ಜೋಡಿಯ ನಡಿಗೆಯಾಗಿ, ಹೊಸದೂ ಬೇಗ ಹಾಳಾಗುತ್ತದೆ.

ತುಂಬಲು ಹೊತ್ತು ಸಿಗದಿದ್ದರೆ

150 ಎಎಚ್ ಟ್ಯೂಬ್ಯುಲರ್‌ಗೆ ಹಿತವಾದ ಚಾರ್ಜಿಂಗ್ ಕರೆಂಟ್ ಅದರ ಹತ್ತನೆಯ ಒಂದು ಭಾಗ, ಅಂದರೆ 15 ಆಂಪಿಯರ್. ಪೂರ್ತಿ ಖಾಲಿಯಾದದ್ದು ತುಂಬಲು ಹತ್ತು–ಹನ್ನೆರಡು ಗಂಟೆ ಬೇಕು. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಬೆಳಗಿನ ಖಾಲಿ ತುಂಬುವ ಮೊದಲೇ ಸಂಜೆಯ ಸರದಿ ಬರುತ್ತದೆ. ಅರೆಬರೆ ತುಂಬಿದ ಬ್ಯಾಟರಿಯ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಕೂತುಬಿಡುತ್ತದೆ, ದೋಸೆ ಹೆಂಚಿಗೆ ಸೀದು ಹಿಡಿದ ಕರಿಯಂತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟು ಜಾಗ ಕೆಲಸಕ್ಕೆ ಬರುವುದಿಲ್ಲ. ಇಂಥ ಕಡೆ ಇನ್ನೂ ದೊಡ್ಡ ಬ್ಯಾಟರಿ ಪರಿಹಾರವಲ್ಲ, ಟ್ಯಾಂಕ್ ದೊಡ್ಡದಾದರೆ ತುಂಬುವುದು ಇನ್ನೂ ತಡ. ಲೋಡ್ ಇಳಿಸುವುದು, ಇಲ್ಲವೇ ಬೇಗ ತುಂಬುವ ಲಿಥಿಯಂ, ಇಲ್ಲವೇ ಹಗಲಿನಲ್ಲಿ ಸೋಲಾರ್ ಪ್ಯಾನಲ್‌ನ ನೆರವು, ಇವೇ ದಾರಿ.

ಚಾವಣಿಯ ಮೇಲೆ ಸೋಲಾರ್ ಇದ್ದರೂ ಕತ್ತಲೆ ಏಕೆ?

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಚಾವಣಿಗೆ 3 ಕಿಲೋವ್ಯಾಟ್ ಅಥವಾ ಹೆಚ್ಚಿನ ಪ್ಯಾನಲ್ ಹಾಕಿಸಿದರೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಹಾಕಿಸಿದ ಹಲವರಿಗೆ ಮೊದಲ ಕಡಿತದ ದಿನ ಆಘಾತ: ಮೇಲೆ ಸುಡುಬಿಸಿಲು, ಕೆಳಗೆ ಫ್ಯಾನ್ ನಿಂತಿದೆ. ಯಂತ್ರ ಕೆಟ್ಟಿಲ್ಲ. ಬ್ಯಾಟರಿ ಇಲ್ಲದೆ ಬೀದಿಯ ಲೈನಿಗೆ ಜೋಡಿಸಿದ ಆನ್-ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಗೊತ್ತಾದ ಕೂಡಲೇ ತಾನಾಗಿ ನಿಲ್ಲಬೇಕು ಎಂಬುದು ನಿಯಮ. ನಿಲ್ಲದಿದ್ದರೆ ನಿಮ್ಮ ಚಾವಣಿಯ ಕರೆಂಟ್ ಬೀದಿಯ ತಂತಿಗೆ ಹರಿದು, ಕಂಬ ಹತ್ತಿರುವ ಲೈನ್‌ಮನ್ ಜೀವಕ್ಕೆ ಕುತ್ತು.

ಕಡಿತದಲ್ಲೂ ಸೋಲಾರ್ ಬೇಕೆಂದರೆ ಬ್ಯಾಟರಿ ಜೋಡಿಸುವ ಹೈಬ್ರಿಡ್ ಇನ್ವರ್ಟರ್ ಬೇಕೆಂದು ಮೊದಲೇ ಹೇಳಿ ಬರೆಸಿಕೊಳ್ಳಬೇಕು. ಆಮೇಲೆ ಬದಲಿಸುವುದು ದುಬಾರಿ. ಮಲೆನಾಡಿನವರು ಇನ್ನೊಂದು ಯೋಚಿಸಬೇಕು: ಜುಲೈ–ಆಗಸ್ಟ್‌ನಲ್ಲಿ, ಕರೆಂಟ್ ಹೆಚ್ಚು ಕೈಕೊಡುವ ದಿನಗಳಲ್ಲೇ, ಬಿಸಿಲೂ ಇರುವುದಿಲ್ಲ.

ಜನರೇಟರ್

ಎರಡು ದಿನ ಕರೆಂಟ್ ಬಾರದ ಜಾಗದಲ್ಲಿ ಸಣ್ಣ ಪೆಟ್ರೋಲ್ ಜನರೇಟರ್‌ಗೆ ಸಾಟಿ ಇಲ್ಲ. ದಿನವಿಡೀ ಓಡಿಸಬೇಕಿಲ್ಲ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ ಯುಪಿಎಸ್ ಬ್ಯಾಟರಿಗೆ ಜೀವ ತುಂಬಿದರೆ ರಾತ್ರಿ ಸದ್ದಿಲ್ಲದೆ ಕಳೆಯುತ್ತದೆ.

ಎರಡು ತಪ್ಪು ಪ್ರಾಣಕ್ಕೆ ಎರವಾಗುತ್ತವೆ. ಮಳೆ ಎಂದು ಜನರೇಟರನ್ನು ಪಡಸಾಲೆಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಓಡಿಸುವುದು ಒಂದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಕಿಟಕಿ ಬಾಗಿಲಿನಿಂದ ಇಪ್ಪತ್ತು ಅಡಿ ದೂರ, ಹೊರಗಡೆ, ಮಳೆ ಬೀಳದ ಸೂರಿನ ಕೆಳಗೆ ಇಡಿ. ಇನ್ನೊಂದು, ಎರಡೂ ಕಡೆ ಪ್ಲಗ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವುದು. ಆ ಕರೆಂಟ್ ಮೀಟರ್ ದಾಟಿ ಬೀದಿಗೆ ಹೋಗುತ್ತದೆ. ಲೈನ್ ಇಲ್ಲವೇ ಜನರೇಟರ್, ಒಂದು ಹೊತ್ತಿಗೆ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗ್‌ಗೆ ಜನರೇಟರ್ ಸೇರಿಸಲೇಬಾರದು.

ಎಲ್ಲಿಡಬೇಕು, ವೈರ್ ಹೇಗಿರಬೇಕು

340 ವ್ಯಾಟ್ ಲೋಡ್ 230 ವೋಲ್ಟ್ ಕಡೆಯಲ್ಲಿ ಒಂದೂವರೆ ಆಂಪಿಯರ್. ಬ್ಯಾಟರಿ ಕಡೆಯಲ್ಲಿ 35. ಆದ್ದರಿಂದಲೇ ಬ್ಯಾಟರಿ ಕೇಬಲ್ ಅಷ್ಟು ದಪ್ಪ. ಅದನ್ನು ಉದ್ದ ಮಾಡಲು ಸಾದಾ ವೈರ್ ಸೇರಿಸಿದರೆ, ನಟ್ ಸಡಿಲ ಬಿಟ್ಟರೆ ಆ ಜಾಗ ಕಾದು ಕರಗುತ್ತದೆ.

ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ, ಅದು ಕಿಡಿಗೆ ಹೊತ್ತಿಕೊಳ್ಳುವ ಅನಿಲ. ದೇವರ ಮನೆಯ ದೀಪದ ಪಕ್ಕ, ಅಡುಗೆಮನೆ, ಮುಚ್ಚಿದ ಬೀರು, ಮಂಚದ ಕೆಳಗೆ ಬೇಡ. ಬಿಸಿಲು ಬೀಳುವ ಬಾಲ್ಕನಿಯೂ ಬೇಡ: 25 ಡಿಗ್ರಿ ಆಸುಪಾಸಿನಿಂದ ಹತ್ತು ಡಿಗ್ರಿ ಹೆಚ್ಚಾದರೆ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ದೊಡ್ಡ ಮಾತು. ಗಾಳಿಯಾಡುವ ನೆರಳಿನ ಮೂಲೆ, ಮಕ್ಕಳ ಕೈಗೆ ಸಿಗದ ಹಾಗೆ.

ಯುಪಿಎಸ್ ಹಾಕಿದ ದಿನದಿಂದ ಮೀಟರ್ ಬೋರ್ಡಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಸುಮ್ಮಸುಮ್ಮನೆ ಬೀಳುತ್ತಿದ್ದರೆ ಬಹುತೇಕ ನ್ಯೂಟ್ರಲ್ ಎಡವಟ್ಟು. ಆರ್‌ಸಿಸಿಬಿ ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ತೂಗಿ ನೋಡುತ್ತದೆ. ಫೇಸ್ ಒಂದು ದಾರಿಯಲ್ಲಿ ಹೋಗಿ ನ್ಯೂಟ್ರಲ್ ಇನ್ನೊಂದು ದಾರಿಯಲ್ಲಿ ಬಂದರೆ ಎಲ್ಲೋ ಸೋರುತ್ತಿದೆ ಎಂದು ತಿಳಿದು ಬೀಳುತ್ತದೆ. ಇದಕ್ಕೆ ಆರ್‌ಸಿಸಿಬಿಯನ್ನೇ ತೆಗೆದುಹಾಕುವ ಎಲೆಕ್ಟ್ರಿಷಿಯನ್‌ಗೆ ಬೇಡ ಎನ್ನಿ. ಶಾಕ್‌ನಿಂದ ಕಾಯುವುದು ಅದೇ. ಯುಪಿಎಸ್ ಲೈನಿನ ನ್ಯೂಟ್ರಲ್ ಬೇರೆ ಮಾಡಿಸಿ.

ಬ್ಯಾಟರಿ ನೀರು

ಟ್ಯೂಬ್ಯುಲರ್ ಬ್ಯಾಟರಿಯ ಮೇಲೆ ಆರು ಮುಚ್ಚಳ, ಒಂದೊಂದರಲ್ಲೂ ಒಂದು ತೇಲುಕಡ್ಡಿ. ಕಡ್ಡಿ ಹಸಿರು ಗುರುತಿನಲ್ಲಿದ್ದರೆ ಸರಿ, ಕೆಂಪಿಗೆ ಇಳಿದಿದ್ದರೆ ನೀರು ಬೇಕು. ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಇನ್ವರ್ಟರ್ ಆಫ್ ಮಾಡಿ, ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಪ್ಲಾಸ್ಟಿಕ್ ಆಲಿಕೆ ಇಟ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಸಣ್ಣಗೆ ಬಿಡಿ, ಕಡ್ಡಿ ಮೇಲಿನ ಗುರುತು ಮುಟ್ಟುವವರೆಗೆ. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರೂ ಬೇಡ. ಅದರಲ್ಲೂ ಲವಣ ಉಳಿದಿರುತ್ತದೆ. ಆಸಿಡ್ ಸುರಿಯುವುದಂತೂ ಇಲ್ಲವೇ ಇಲ್ಲ, ಆವಿಯಾಗಿ ಹೋಗಿರುವುದು ನೀರು ಮಾತ್ರ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಕೇಬಲ್ ಬಿಚ್ಚಿ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಆರು ಸೆಲ್‌ನಲ್ಲಿ ಒಂದು ಮಾತ್ರ ಪದೇ ಪದೇ ನೀರು ಕುಡಿಯುತ್ತಿದ್ದರೆ ಆ ಸೆಲ್ ಹೋಗುವ ಸೂಚನೆ. ಆರೂ ಬೇಗ ಬತ್ತುತ್ತಿದ್ದರೆ ಇನ್ವರ್ಟರ್‌ನಲ್ಲಿ ಬ್ಯಾಟರಿ ಆಯ್ಕೆಯ ಸ್ವಿಚ್ ತಪ್ಪು ಕಡೆ ಇದೆಯೇ ನೋಡಿ.

ತಿಂಗಳ ಬಿಲ್ಲಿನಲ್ಲಿ

ಬ್ಯಾಟರಿ ತುಂಬಿದ ಮೇಲೂ ಇನ್ವರ್ಟರ್ ಸುಮ್ಮನಿರುವುದಿಲ್ಲ, ಹತ್ತಿಪ್ಪತ್ತು ವ್ಯಾಟ್ ಎಳೆಯುತ್ತಿರುತ್ತದೆ. 15 ವ್ಯಾಟ್ ಎಂದುಕೊಂಡರೂ ತಿಂಗಳಿಗೆ 11 ಯೂನಿಟ್. ಅಲ್ಲದೆ ಲೆಡ್-ಆಸಿಡ್ ಬ್ಯಾಟರಿಯಿಂದ ಒಂದು ಯೂನಿಟ್ ಬಳಸಿದರೆ ಅದನ್ನು ತುಂಬಲು ಸುಮಾರು ಒಂದೂವರೆ ಯೂನಿಟ್ ಬೇಕು. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವ ಮನೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತರುವ ದಿನ

ಬ್ಯಾಟರಿ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು ನೋಡಿ. ಗೋದಾಮಿನಲ್ಲಿ ಆರು ತಿಂಗಳು ಚಾರ್ಜ್ ಇಲ್ಲದೆ ಕೂತದ್ದು ಹೊಸದಲ್ಲ. ವಾರಂಟಿ 36+24 ಎಂದಿದ್ದರೆ ಐದು ವರ್ಷ ಉಚಿತ ಎಂದಲ್ಲ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬದಲಿ ಬ್ಯಾಟರಿ, ಉಳಿದ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಕಾರ್ಡಿಗೆ ಅಂಗಡಿಯ ಸೀಲು, ದಿನಾಂಕ, ಬ್ಯಾಟರಿಯ ಸೀರಿಯಲ್ ನಂಬರ್ ಬಿದ್ದಿರಲಿ.

ಜೋಡಿಸಿದ ಮೇಲೆ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಮರುದಿನ ಮೇನ್ ಸ್ವಿಚ್ ಆಫ್ ಮಾಡಿ, ನಿಮ್ಮ ಪಟ್ಟಿಯಲ್ಲಿದ್ದದ್ದನ್ನೆಲ್ಲ ಹಾಕಿ, ಎಷ್ಟು ಹೊತ್ತು ನಡೆಯಿತು ಎಂದು ವಾರಂಟಿ ಕಾರ್ಡಿನ ಹಿಂದೆಯೇ ಬರೆದಿಡಿ. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿದರೆ ಬ್ಯಾಟರಿ ಕುಗ್ಗುತ್ತಿರುವುದು ವಾರಂಟಿ ಮುಗಿಯುವ ಮೊದಲೇ ಗೊತ್ತಾಗುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಹೊಸದು ತರುವ ಅಂಗಡಿಗೇ ಕೊಡಿ: ಒಳಗಿನ ಸೀಸಕ್ಕೆ ಬೆಲೆ ಇದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಒಳಗಿನ ಆಸಿಡ್ ಸುರಿದು ಒಡೆಯುವವರ ಕೈಗೆ ಅದು ಸಿಕ್ಕರೆ ಆ ಸೀಸ ಯಾರದೋ ಮನೆಯ ಬಾವಿಗೆ ಇಳಿಯುತ್ತದೆ.